ಝೆಲಿಂದಾಳ ತಿರುವಿನಲ್ಲಿ ಸ್ಟ್ರಾಟೋಸ್

ಝೆಲಿಂದಾ ರೆಬಾವ್ದೊ ಯಾರನ್ನೂ ನಂಬುತ್ತಿರಲಿಲ್ಲ. ಅವಳ ಅಪ್ಪನ ಕಾಲದಲ್ಲಿ ಸಾನ್‌ರೆಮೊ ಪಟ್ಟಣದ ಕಡೆಯಿಂದ ನಯವಾದ ಮಾತಿನವನೊಬ್ಬ ಬಂದು, ಅವರ ಮನೆಯ ವೈನ್ ಕುಡಿದು, ಬಾಯ್ತುಂಬ ಹೊಗಳಿ ಹೋದ. ಮರುವರ್ಷ ಅವರ ಒರತೆಯ ನೀರು ಅವನ ಹೂದೋಟಕ್ಕೆ ಹರಿಯುತ್ತಿತ್ತು. ಅಂದಿನಿಂದ ಆ ಮನೆಯಲ್ಲಿ ನಗುಮುಖದ ಅಪರಿಚಿತನೆಂದರೆ ಕಳ್ಳನೇ. ಪಕ್ಕದ ಮನೆಯ ಪಿನಾ, ಅಂದರೆ ನಾನು, ಕೊಟ್ಟ ಮೊಟ್ಟೆಯನ್ನೂ ಅವಳು ಬೆಳಕಿಗೆ ಹಿಡಿದು ನೋಡಿಯೇ ಒಳಗಿಡುತ್ತಿದ್ದಳು.

ಅವಳ ಆಲಿವ್ ತೋಟವಿದ್ದದ್ದು ಬೆಟ್ಟದ ರಸ್ತೆಯ ಕಡಿದಾದ ತಿರುವಿನಲ್ಲಿ. ಎಪ್ಪತ್ತಾರನೇ ಇಸವಿಯಲ್ಲಿ ಕಾರು ರ‍್ಯಾಲಿಗೆ ಮುಂಚೆ ಅಭ್ಯಾಸಕ್ಕೆ ಬಂದ ಕಾರುಗಳು ಸುತ್ತಿ ಹೋಗುವ ಬದಲು ಅವಳ ತೋಟದ ಅಂಚು ತುಳಿದೇ ನುಗ್ಗುತ್ತಿದ್ದವು. ಒಪೆಲ್, ಫಿಯಟ್ ಎಲ್ಲ ಬಂದವು. ಅವಳ ಪ್ರಕಾರ ಎಲ್ಲಕ್ಕಿಂತ ಪೋಕರಿ ಎಂದರೆ ಜೆನೋವಾದ ಸಣ್ಣ ಖಾಸಗಿ ತಂಡವೊಂದರ ಲಾನ್ಚಿಯಾ ಸ್ಟ್ರಾಟೋಸ್. ಬೆಣೆಯಂಥ ಮೂತಿ, ಗಿಡ್ಡ ಮೈ, ಕೂತವರ ಬೆನ್ನ ಹಿಂದೆಯೇ ಕಿರುಚುವ ಇಂಜಿನ್. ಅದರ ಚಕ್ರ ಹಳೆಯ ಮರವೊಂದರ ಬೇರಿನ ತೊಗಟೆ ಸುಲಿಯಿತು. ಝೆಲಿಂದಾ ದೊಡ್ಡದೊಂದು ಕಲ್ಲು ಉರುಳಿಸಿ ತಂದು ಬೇರಿನ ಪಕ್ಕ ಕೂರಿಸಿದಳು.

ಮಾರನೆಯ ದಿನ ಸ್ಟ್ರಾಟೋಸ್ ಕಲ್ಲಿನ ಮುಂದೆ ಕಿರ್ರೆಂದು ನಿಂತಿತು. ಚಾಲಕನಿಗೆ ದಾರಿ ಹೇಳುವ ಒಟ್ಟಾವಿಯೊ ಇಳಿದ. ಹೆಂಡತಿ ಸತ್ತು ಒಂಟಿಯಾಗಿದ್ದ, ನಲವತ್ತು ದಾಟಿದವನು.

"ಇದನ್ನ ಯಾರು ಇಡ್ಸಿದ್ದು, ಸಿಞೋರಾ?"

"ಇಡ್ಸೋದೇನು? ನಾನೇ ಇಟ್ಟೆ."

"ಬೇರೆ ತಂಡದವ್ರು ಹೇಳ್ಕೊಟ್ರಾ?"

"ನನ್ನ ಮರ ಕಾಯೋಕೆ ನಂಗೆ ಇನ್ನೊಬ್ರು ಹೇಳ್ಕೊಡ್ಬೇಕೇನಯ್ಯಾ? ನಿಮ್ಮ ಗಾಡೀಲಿ ಹಿಂದುಗಡೆ ಏನೂ ಕಾಣ್ಸಲ್ವಂತೆ. ಏನೇನು ಹಾಳು ಮಾಡಿ ಬಂದ್ರಿ ಅಂತ ನೋಡೋದು ಬೇಡ ಅಂತಾನೇ ಹಾಗೆ ಮಾಡಿಸ್ಕೊಂಡ್ರಾ?"

ಚಾಲಕ ಕಾರಿನೊಳಗೇ ಕೂತು ನಕ್ಕ. ಒಟ್ಟಾವಿಯೊ ನಗಲಿಲ್ಲ. ಕಲ್ಲನ್ನೂ ಅವಳನ್ನೂ ಮತ್ತೆ ಮತ್ತೆ ನೋಡುತ್ತ ಕಾರು ಹತ್ತಿದ.

ರ‍್ಯಾಲಿಯ ಹಿಂದಿನ ದಿನ ಮಧ್ಯಾಹ್ನ ಸಣಕಲು ಆಸಾಮಿಯೊಬ್ಬ ಒಣಗಿಸಿದ ಹಂದಿತೊಡೆಯೊಂದನ್ನು ಹೊತ್ತು ಅವಳ ಬಾಗಿಲಿಗೆ ಬಂದ. ನಾನು ಗೋಡೆಯಾಚೆ ಬಟ್ಟೆ ಹರವುತ್ತಿದ್ದೆ.

"ನಾಳೆ ಸ್ಟ್ರಾಟೋಸ್ ಬರೋ ಮುಂಚೆ ಆ ಕಲ್ಲನ್ನ ಸ್ವಲ್ಪ ರಸ್ತೆ ಕಡೆ ಸರಿಸ್ಬಿಡಿ. ಯಾರಿಗೂ ಗೊತ್ತಾಗಲ್ಲ."

ಝೆಲಿಂದಾ ಹಂದಿತೊಡೆಯನ್ನು ಇಸಿದುಕೊಂಡು ಬಾಗಿಲು ಹಾಕಿದಳು. ಅವನು ಹೋದ ಮೇಲೆ ಓಡಿಹೋಗಿ ಕೇಳಿದೆ:

"ಯಾಕೆ ಇಸ್ಕೊಂಡೆ? ಇಬ್ರು ಸಾಯ್ತಾರಲ್ಲೇ!"

"ಇಸ್ಕೊಳ್ದೆ ಇದ್ದಿದ್ರೆ ಇನ್ನೊಂದು ಮನೆಗೆ ಹೋಗಿ ಕೇಳ್ತಿದ್ದ. ನಿಮ್ಮನೆಗೇ ಬರ್ತಿದ್ನೋ ಏನೋ."

ಆಮೇಲೆ ಅವಳು ಕಲ್ಲಿಗೆ ದೂರದಿಂದಲೇ ಕಣ್ಣಿಗೆ ಹೊಡೆಯುವಂತೆ ಸುಣ್ಣ ಬಳಿದಳು. ರ‍್ಯಾಲಿಯ ದಿನ ಗುದ್ದಲಿ ಹಿಡಿದು ಮರದ ಹಿಂದೆ ಕಾವಲು ನಿಂತಳು. ಹತ್ತಿರ ಹೋದ ನನಗೂ "ಅಲ್ಲೇ ನಿಲ್ಲು" ಎಂದಳು. ಸ್ಟ್ರಾಟೋಸ್ ಬಂತು. ನಾವು ಅಂದುಕೊಂಡದ್ದಕ್ಕಿಂತ ಬಹಳ ಮೊದಲೇ ಬ್ರೇಕ್ ಹಾಕಿ, ಎತ್ತಿನಗಾಡಿಯಂತೆ ತಿರುವು ಸುತ್ತಿ, ಆಮೇಲೆ ಕಿರುಚುತ್ತ ಬೆಟ್ಟ ಹತ್ತಿತು. ಜನ ಸಿಳ್ಳೆ ಹಾಕಿ ಅಣಕಿಸಿದರು.

ಎರಡು ದಿನ ಬಿಟ್ಟು ಒಟ್ಟಾವಿಯೊ ಬಂದ. ಜೊತೆಯಲ್ಲಿ ಅದೇ ಸಣಕಲ. ಝೆಲಿಂದಾಳ ಕೈ ತಾನಾಗಿ ಗುದ್ದಲಿಯ ಕಡೆ ಹೋಯಿತು.

"ಇವ್ನು ನಮ್ಮ ಚಿಕ್ಕಪ್ಪನ ಮಗ. ನಾನೇ ಕಳ್ಸಿದ್ದೆ," ಎಂದ ಒಟ್ಟಾವಿಯೊ, ಟೋಪಿ ತೆಗೆದು. "ನೀವು ಯಾರ ಕಡೆಯವ್ರು ಅಂತ ನೋಡೋಕೆ. ನೀವು ಇಸ್ಕೊಂಡ್ರಿ ಅಂದ ಮೇಲೆ ಕಲ್ಲಿಗೆ ಸುಣ್ಣ ಬಳಿದ್ರೂ ನಾನು ನಂಬ್ಲಿಲ್ಲ. ತಿರುವಿನ ಆಚೆ ಇನ್ನೇನೋ ಇಟ್ಟಿದ್ದೀರಿ ಅನ್ಕೊಂಡೆ. ಬ್ರೇಕ್ ಹಾಕು ಅಂತ ಬಡ್ಕೊಂಡೆ. ಅಲ್ಲೇ ರೇಸಲ್ಲಿ ಒಂದು ಸ್ಥಾನ ಹೋಯ್ತು. ಚಾಲಕ ಇನ್ನೂ ನನ್ನ ಹತ್ರ ಮಾತಾಡ್ತಿಲ್ಲ."

ಝೆಲಿಂದಾ ನಗತೊಡಗಿದಳು, ಹೊಸ್ತಿಲ ಮೇಲೆ ಕುಸಿದು ಕೂರುವಷ್ಟು.

"ಪಿನಾ, ನೋಡೇ! ನನಗಿಂತ ಅನುಮಾನದ ಪ್ರಾಣಿ ಒಂದು ಸಿಕ್ತು!"

ಹಂದಿತೊಡೆಯನ್ನು ಅವಳು ವಾಪಸು ಕೊಡಲಿಲ್ಲ. ಅಲ್ಲೇ ಕೊಯ್ದು, ಮೊದಲ ತುಂಡನ್ನು ಸಣಕಲನಿಗೆ ತಿನ್ನಿಸಿ, ಅವನಿಗೇನೂ ಆಗಲಿಲ್ಲ ಎಂದಾದ ಮೇಲೆ ತಾನು ತಿಂದಳು.

ಚಳಿಗಾಲದಲ್ಲಿ ಒಟ್ಟಾವಿಯೊ ಆಲಿವ್ ಉದುರಿಸಲು ಬಂದ. ಮರುವರ್ಷವೂ ಬಂದ. ತಂಡ ಮುಚ್ಚಿ, ಸ್ಟ್ರಾಟೋಸನ್ನು ಜಪಾನಿನ ಯಾರೋ ಕೊಂಡುಹೋದ ಮೇಲೆ ಮದುವೆಯ ಮಾತೆತ್ತಿದ. ಝೆಲಿಂದಾ ಜೆನೋವಾಕ್ಕೆ ಹೋಗಿ, ಅವನ ಬೀದಿಯ ರೊಟ್ಟಿಯವನನ್ನು, ಕ್ಷೌರಿಕನನ್ನು, ಪಾದ್ರಿಯನ್ನು ವಿಚಾರಿಸಿ ಬಂದಳು. ಅವಳಿಗಿಂತ ಮುಂಚೆಯೇ ಅವನು ನನ್ನನ್ನೂ ನಮ್ಮೂರ ಪಾದ್ರಿಯನ್ನೂ ವಿಚಾರಿಸಿಕೊಂಡು ಹೋಗಿದ್ದ. ಇಬ್ಬರಿಗೂ ಸಮಾಧಾನವಾಯಿತು. ಎಪ್ಪತ್ತೊಂಬತ್ತರ ವಸಂತದಲ್ಲಿ ಮದುವೆಯಾಯಿತು. ತೋಟ ಮಾತ್ರ ಕೊನೆಯವರೆಗೂ ಅವಳ ಹೆಸರಿನಲ್ಲೇ ಇತ್ತು.