ಬಾಟಲಿಗೆ ಒದ್ದೆ ಪಟ್ಟಿ

ನಮ್ಮ ಬೀದಿಯ ಕೊನೆಯಲ್ಲಿದ್ದ ವೈನ್ ತಯಾರಿಕೆಯ ಮನೆಯಲ್ಲಿ ಅವಳು ಇಪ್ಪತ್ತಾರು ವರ್ಷ ದುಡಿದಳು. ಎಲ್ಲರಿಗೂ ಅಕ್ಕ. ಬಿಸಿಲು ಸೀಮೆಯ ಕೆಂಪು ವೈನ್ ಮಸಿಯಂತೆ ಕಪ್ಪಗಿದ್ದು ಗಂಟಲು ಸುಡಬೇಕೆಂದು ಜನ ನಂಬಿದ್ದರು. ಅಕ್ಕ ಸಿಹಿ ಏರುವ ಮೊದಲೇ ದ್ರಾಕ್ಷಿ ಕೊಯ್ಯಿಸಿ, ಮೆಲ್ಲಗೆ ಹಿಂಡಿಸುತ್ತಿದ್ದಳು. ಅವಳ ವೈನ್ ಗ್ಲಾಸಿನಾಚೆಯ ಬೆರಳು ಕಾಣುವಷ್ಟು ತಿಳಿ. ಮೊದಲು ಒಣಗುಲಾಬಿಯ ಪರಿಮಳ, ಆಮೇಲೆ ಹದವಾದ ಹುಳಿ, ನುಂಗಿದ ಮೇಲೂ ಉಳಿಯುವ ತೆಳು ಒಗರು.

ಯಜಮಾನ ತೀರಿಕೊಂಡು ಮಗನ ಕಾರುಬಾರು ಬಂತು. ಒಂದು ಬೇಸಿಗೆಯ ದಿನ "ಇವತ್ತು ಬರೋ ವ್ಯಾಪಾರಿ ಒಪ್ಪದಿದ್ರೆ ಬಳ್ಳಿ ಕೀಳಿಸ್ತೀನಿ" ಎಂದ. ಅರ್ಧ ಬಳ್ಳಿ ಅವಳೇ ನೆಟ್ಟವು.

ಬೆಳಗ್ಗೆಯೇ ಕರೆಂಟು ಹೋಗಿ ಕೋಣೆ ಕಾದಿತ್ತು. ಅಕ್ಕ ಎರಡು ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಕಿಟಕಿಯ ಗಾಳಿಗಿಟ್ಟಳು.

"ಏನಕ್ಕ, ವೈನಿಗೆ ಜ್ವರ ಬಂತಾ, ಪಟ್ಟಿ ಹಾಕಿದೀಯ?" ಮಗ ನಕ್ಕ.

"ಬಂದಿದೆ. ಮುಟ್ಟಿ ನೋಡು."

"ಕೆಂಪು ವೈನ್ ಕೋಣೆಯ ಬಿಸುಪಲ್ಲೇ ಕೊಡ್ಬೇಕು ಅಂತ ಪುಸ್ತಕದಲ್ಲಿದೆ."

"ಅದನ್ನ ಬರೆದೋನು ಈ ಕೋಣೇಲಿ ಕೂತಿದ್ನಾ?"

ಅವನು ಒಂದು ಬಾಟಲಿಯ ಬಟ್ಟೆ ಕಿತ್ತು ಮೇಜಿನ ಮೇಲಿಟ್ಟ. ಮಧ್ಯಾಹ್ನ ಬಂದ ವ್ಯಾಪಾರಿ ಗುಟುಕರಿಸಿ ಉಗಿದ. "ಬಣ್ಣ ನೋಡಿದ್ರೆ ನೀರು, ಮೂಸಿದ್ರೆ ಸಾರಾಯಿ." ಎದ್ದು ಹೊರಟ.

ಅಕ್ಕ ಎರಡನೆಯ ಬಾಟಲಿ ಹಿಡಿದು ಕಾರಿಗೆ ಅಡ್ಡ ನಿಂತಳು. "ದಮ್ಮಯ್ಯ ಸಾರ್, ಒಂದೇ ಗುಟುಕು."

ಅವನು ಕುಡಿದ. ಮತ್ತೆ ಗ್ಲಾಸ್ ಚಾಚಿದ. "ಇಷ್ಟು ನಾಜೂಕಿನ ವೈನ್ ಈ ಕಡೆ ಕುಡಿದಿಲ್ಲ. ಒಳಗೆ ಕೊಟ್ಟಿದ್ದು ಯಾವ್ದು?"

"ಅದೂ ಇದೇ ಪೀಪಾಯಿದು. ಬಿಸಿಯಾಗಿತ್ತು, ಅಷ್ಟೇ."

"ನನಗೆ ಕಿವಿ ಮೇಲೆ ಹೂ ಇಡ್ಬೇಡಮ್ಮ. ಬಾಟಲಿ ಮೇಲೆ ಒಂದೇ ಚೀಟಿ, ಒಳಗೆ ಎರಡು ವೈನ್. ನಾನು ಕೊಂಡಾಗ ಯಾವುದು ಬರುತ್ತೆ?"

"ಅರ್ಧ ಗಂಟೆ ಕೂತ್ಕೊಳಿ. ಅದನ್ನೂ ತಣ್ಣಗೆ ಮಾಡಿ ಕೊಡ್ತೀನಿ."

"ಹತ್ತು ನಿಮಿಷ."

ಅವಳು ಬಟ್ಟೆ ಸುತ್ತಿ ನೀರು ಸುರಿದಳು, ರಟ್ಟಿನಿಂದ ಬೀಸಿದಳು. ಬಲಗೈ ಸೋತರೆ ಎಡಗೈ. ಆ ನೀರೇ ಉಗುರುಬೆಚ್ಚಗಿತ್ತು. ಹತ್ತು ನಿಮಿಷದಲ್ಲಿ ಬಾಟಲಿ ತಣಿಯಲಿಲ್ಲ. ಕಾರು ಹೋಯಿತು.

ಅವಳು ಬೀಸುತ್ತಲೇ ಇದ್ದಳು. ಸಂಜೆಯ ಹೊತ್ತಿಗೆ ಅದು ತಣ್ಣಗಾಯಿತು. ಮಗನಿಗೆ ಬಗ್ಗಿಸಿಕೊಟ್ಟಳು. ತನ್ನ ತೋಟದ ವೈನನ್ನು ಅವನು ಗಮನವಿಟ್ಟು ಕುಡಿದದ್ದು ಅದೇ ಮೊದಲು.

"ಮಧ್ಯಾಹ್ನ ಅವನು ಉಗಿದದ್ದು ಇದೇ ಅಲ್ವಾ ಅಕ್ಕ?" ಎಂದ.

"ಅದೇ."

"ಬಳ್ಳಿ ಕೀಳೋಕೆ ಟ್ರ್ಯಾಕ್ಟರಿನವನಿಗೆ ಹೇಳಿಬಿಟ್ಟಿದೀನಿ, ನಾಳೆ ಬರ್ತಾನೆ" ಎಂದು ಗ್ಲಾಸ್ ಮುಂದೆ ಹಿಡಿದ.

ಅಕ್ಕ ಅದನ್ನು ಮತ್ತೆ ತುಂಬಲಿಲ್ಲ.