ಬಿದಿಯಾದ ಮುದುಕ ಯಾವ ಭಾಷೆಯಲ್ಲಿ ಹೇಳಿದ

ಕೊರೊನಾ ಬರುವುದಕ್ಕೆ ಮುಂಚಿನ ಡಿಸೆಂಬರ್‌ನಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ, ಒಮಾನಿನ ಬಿದಿಯಾ ಊರಿನಾಚೆಯ ಮರಳುಗಾಡಿನಲ್ಲಿ, ಅರಬ್ಬಿ ಬಿಟ್ಟು ಬೇರೆ ಭಾಷೆ ತಿಳಿಯದ ಮುದುಕನೊಬ್ಬ ನನಗೆ ಕನ್ನಡದಲ್ಲಿ ಒಂದು ಮಾತು ಹೇಳಿದ. ಅದೇ ಮಾತು, ಅದೇ ಹೊತ್ತಿಗೆ, ನನ್ನ ಜೊತೆಯಲ್ಲಿದ್ದ ಸದಾನಂದರಿಗೆ ತುಳುವಿನಲ್ಲಿ ಕೇಳಿಸಿತು.

ಇಂಥದ್ದನ್ನು ಬೇರೆಯವರು ಬರೆದಿದ್ದರೆ ನಾನು ಮೊದಲ ಪ್ಯಾರಾದಲ್ಲೇ ಓದು ನಿಲ್ಲಿಸುತ್ತಿದ್ದೆ. ಮಸ್ಕತ್‌ನ ಇಂಗ್ಲಿಷ್ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ವರದಿಗಾರರು ಯಾರದಾದರೂ ಹೇಳಿಕೆ ತಂದರೆ, ‘ಇದನ್ನು ಅವರು ಯಾವ ಭಾಷೆಯಲ್ಲಿ ಹೇಳಿದರು?’ ಎಂಬುದೇ ನನ್ನ ಮೊದಲ ಪ್ರಶ್ನೆ. ಮಲಯಾಳಿ ಚಾಲಕ ಹಿಂದಿಯಲ್ಲಿ ಹೇಳಿದ್ದು, ಬಂಗಾಳಿ ಕೆಲಸಗಾರ ಅರೆಬರೆ ಅರಬ್ಬಿಯಲ್ಲಿ ಹೇಳಿದ್ದು ಇಂಗ್ಲಿಷಿಗೆ ಬರುವಷ್ಟರಲ್ಲಿ ಬೇರೆಯೇ ಆಗಿರುವುದನ್ನು ನೋಡಿದ್ದೆ. ಭೂತದ ಕಥೆ, ಶಕುನದ ಕಥೆ ಹೇಳುವವರನ್ನೂ ಹಾಗೆಯೇ ಕೇಳುತ್ತಿದ್ದೆ. ಹೆಚ್ಚಿನವರು ಅಲ್ಲಿಗೇ ತಡವರಿಸುತ್ತಿದ್ದರು.

ಸದಾನಂದ ಕಾಪುವಿನವರು. ಮಸ್ಕತ್‌ನ ಹೊರವಲಯದ ಅಲ್ ಮಬೇಲಾದ ಒಂದು ಗ್ಯಾರೇಜಿನಲ್ಲಿ ಅಕೌಂಟೆಂಟ್ ಆಗಿದ್ದರು. ಹೆಂಡತಿ ವಿನೋದಾ ಅಲ್ಲೇ ಸಮೀಪದ ಕ್ಲಿನಿಕ್‌ನಲ್ಲಿ ರಿಸೆಪ್ಷನಿಸ್ಟ್. ಮಗಳು ಹತ್ತನೆಯ ತರಗತಿಯಲ್ಲಿದ್ದಳು. ಗ್ಯಾರೇಜಿನ ಒಡೆಯನೇ ಸದಾನಂದರ ವೀಸಾಕ್ಕೂ ಕಫೀಲ್, ಅಂದರೆ ಹೊಣೆ ಹೊತ್ತ ಸ್ಥಳೀಯ ಜಾಮೀನುದಾರ. ಅವರ ಕರಾರನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಲು ಅವನು ಒಪ್ಪಿದ್ದ. ಭಾನುವಾರ ಸಹಿ ಹಾಕಬೇಕಿತ್ತು. ಹಾಕಿ ಎಂದು ವಿನೋದಾ ಹೇಳುತ್ತಿದ್ದರು. ಸದಾನಂದರಿಗೆ ಊರಿಗೆ ಹೋಗಿಬಿಡಬೇಕು ಎಂದು. ‘ನಿದ್ದೆ ಇಲ್ಲ, ಗೋಡೆ ನೋಡಿ ಸಾಕಾಯ್ತು. ಶುಕ್ರವಾರ ಎಲ್ಲಿಗಾದ್ರೂ ಹೋಗಿ ನಡೆಯುವ ಮಾರಾಯ್ರೆ,’ ಎಂದು ಅವರೇ ಫೋನ್ ಮಾಡಿದ್ದರು.

ನಸುಕಿನಲ್ಲೇ ಮಸ್ಕತ್ ಬಿಟ್ಟು, ಬಿದಿಯಾ ದಾಟಿ, ಡಾಂಬರು ಮುಗಿಯುವಲ್ಲಿ ಕಾರು ನಿಲ್ಲಿಸಿ ನಡೆದೆವು. ಬಿಸಿಲು ಎಳೆಯದಾಗಿತ್ತು, ಮರಳು ಇನ್ನೂ ತಣ್ಣಗಿತ್ತು. ಆರಾಮವಾಗಿ ಅಡ್ಡಾಡೋಣ ಎಂದು ಬಂದದ್ದು. ಸದಾನಂದ ಬಸ್ಸು ತಪ್ಪಿಹೋಗುವವರ ಹಾಗೆ ನಡೆಯುತ್ತಿದ್ದರು. ದಿಬ್ಬ ಹತ್ತುವರು, ಸಿಗ್ನಲ್ ಇಲ್ಲದ ಫೋನನ್ನು ತೆಗೆದು ನೋಡುವರು, ಇಳಿಯುವರು. ಚಹಾ ಕುಡಿಯಲು ಕೂತರೂ ಲೋಟ ಬರಿದಾಗುವ ಮೊದಲೇ ಎದ್ದುಬಿಡುವರು. ಆ ಚಡಪಡಿಕೆ ನನಗೂ ಅಂಟಿತು.

‘ವಾಕಿಂಗ್ ಅಂದ್ರಿ, ಇದು ಓಟ ಕಣ್ರೀ,’ ಎಂದೆ.

‘ನೀವು ಮೈಸೂರಿನವರು ನಡೆಯುವುದೇ ಊಟ ಕರಗಲಿಕ್ಕೆ,’ ಎಂದರು, ತಿರುಗಿ ನೋಡದೆ.

ಎದುರಿನ ಇಳಿಜಾರಿನಲ್ಲಿ ಮುದುಕ ಕಾಣಿಸಿದ್ದು ಆಗ. ಮಾಸಿದ ಉದ್ದನೆಯ ಅಂಗಿ, ತಲೆಗೆ ಸುತ್ತಿದ ಬಟ್ಟೆ, ಕೈಯಲ್ಲಿ ತೆಳುವಾದ ಕೋಲು. ಒಂಟೆ ಹುಡುಕಿಕೊಂಡು ಹೊರಟವನ ಹಾಗಿದ್ದ. ಹತ್ತಿರ ಬಂದು ಸಲಾಂ ಹೇಳಿದ, ನಾವೂ ಹೇಳಿದೆವು. ನಮ್ಮನ್ನು ದಾಟುತ್ತಿದ್ದಾಗ ಆ ಮಾತು ಕೇಳಿಸಿತು: ‘ಹೊತ್ತಾಯ್ತು, ಮನೆಗೆ ನಡಿಯಪ್ಪ.’ ಅಪ್ಪಟ ನಮ್ಮ ಕಡೆಯ ಕನ್ನಡ. ದನಿಯಲ್ಲಿ ಗದರಿಕೆ ಇರಲಿಲ್ಲ, ಕನಿಕರವೂ ಇರಲಿಲ್ಲ. ನನಗೆ ಗೊತ್ತಿದ್ದ ಯಾರ ದನಿಯೂ ಅದಲ್ಲ. ಹೊತ್ತಾಗಿಯೂ ಇರಲಿಲ್ಲ, ಬೆಳಗಿನ ತಿಂಡಿಯ ಸಮಯ.

ಸದಾನಂದ ನನ್ನ ತೋಳು ಹಿಡಿದು ನಿಲ್ಲಿಸಿದರು. ‘ಇವರಿಗೆ ತುಳು ಹೇಗೆ ಬರ್ತದೆ?’

‘ತುಳು ಎಲ್ಲಿ? ಕನ್ನಡ ಅಲ್ವಾ?’

‘ಎಂತ ಕನ್ನಡ? ಪೊರ್ತಾಂಡ್, ಇಲ್ಲಗ್ ಪೋಲ ಮಗಾ ಅಂದ್ರು. ಹೊತ್ತಾಯ್ತು, ಮನೆಗೆ ಹೋಗು ಮಗಾ ಅಂತ.’

ನನಗೆ ತುಳು ಬಾರದು. ನನಗೆ ಕೇಳಿಸಿದ್ದೇನೆಂದು ಅವರಿಗೆ ಆಗಿನ್ನೂ ಹೇಳಿರಲಿಲ್ಲ.

ಇಂಥ ಕಥೆಗಳಲ್ಲಿ ಮುದುಕ ಮಾಯವಾಗುತ್ತಾನೆ. ಇವನು ಆಗಲಿಲ್ಲ. ಹಿಂದೆ ಓಡಿ ನಿಲ್ಲಿಸಿದೆವು. ಸದಾನಂದ ಗ್ಯಾರೇಜಿನಲ್ಲಿ ಕಲಿತ ಅರಬ್ಬಿಯಲ್ಲಿ ವಿಚಾರಿಸಿದರು. ಸಲಾಂ ಬಿಟ್ಟು ತಾನೇನೂ ಹೇಳಿಲ್ಲ ಎಂದ. ನಾನು ಹಿಂದಿಯಲ್ಲಿ ಕೇಳಿದೆ. ಅವನಿಗೆ ಅದು ತಿಳಿಯಲಿಲ್ಲ. ಮುಂಬಯಿ, ಮಂಗಳೂರು ಯಾವುದನ್ನೂ ಕಂಡವನಲ್ಲ. ಮಸ್ಕತ್‌ನ ಮತ್ರಾ ಪೇಟೆಗೆ ಹೋಗಿಯೇ ವರ್ಷಗಳಾದವಂತೆ. ಕೊನೆಗೆ ಅವನೇ ಏನೋ ಕೇಳಿದ. ಸದಾನಂದ ನನ್ನ ಕಡೆ ತಿರುಗಿದರು.

‘ಏನಂತೆ?’ ಎಂದೆ.

‘ಮಾತಾಡಿದ್ದು ನಿಮ್ಮಲ್ಲಿ ಒಬ್ಬರಲ್ವಾ ಅಂತ ಕೇಳ್ತಿದ್ದಾರೆ.’

ನಾವಿಬ್ಬರೂ ಸಲಾಂ ಹೇಳಿದ ಮೇಲೆ, ಆ ಮಾತು ಕೇಳಿಸುವವರೆಗೆ, ತುಟಿ ಬಿಚ್ಚಿರಲಿಲ್ಲ. ಅದನ್ನು ಅವನಿಗೆ ತಿಳಿಸಿದಾಗ ಮುದುಕ ನಮ್ಮನ್ನು ಒಮ್ಮೆ ನೋಡಿ, ಖಲಾಸ್ ಎಂದು ಕೈಯೆತ್ತಿ, ತನ್ನ ದಾರಿ ಹಿಡಿದ. ದಿಬ್ಬಗಳ ನಡುವೆ ಬಹಳ ದೂರದವರೆಗೂ ಕಾಣುತ್ತಿದ್ದ. ಮಸ್ಕತ್‌ಗೆ ಹಿಂತಿರುಗುವಾಗ ಸದಾನಂದ ಕಾರಿನಲ್ಲಿ ಗಾಢವಾಗಿ ನಿದ್ದೆ ಹೋದರು.

ಭಾನುವಾರ ಅವರು ಸಹಿ ಹಾಕಲಿಲ್ಲ. ಆ ವಾರವೇ ವಿನೋದಾ ಒಬ್ಬರೇ ಬಸ್ಸು ಹಿಡಿದು ರೂವಿಯ ನನ್ನ ಫ್ಲಾಟಿಗೆ ಬಂದರು. ನೀರನ್ನೂ ಮುಟ್ಟದೆ, ‘ನೀವು ಪೇಪರಿನವರು. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆ ಅಜ್ಜ ಹಾಗೆ ಹೇಳಿದ್ದು ಹೌದಾ?’ ಎಂದು ಕೇಳಿದರು.

ಕೇಳಿಸಿದ್ದು ನಿಜ, ಹೇಳಿದ್ದು ಯಾರೋ ಗೊತ್ತಿಲ್ಲ ಎಂದೆ.

‘ನಿಮಗೂ ಮನೆಗೆ ಹೋಗು ಅಂತಲೇ ಕೇಳಿದ್ದಲ್ವಾ? ಮತ್ತೆ ನೀವು ಯಾಕೆ ಮೈಸೂರಿಗೆ ಟಿಕೆಟ್ ತೆಗೀಲಿಲ್ಲ?’

‘ನಾನು ಈ ಫ್ಲಾಟ್ ಅಂದ್ಕೊಂಡೆ.’

‘ನೋಡಿ ಮತ್ತೆ. ಮನೆ ಅಂದ್ರೆ ನಿಮಗೆ ರೂವಿ, ನಂಗೆ ಮಬೇಲಾ. ಇವರಿಗೆ ಮಾತ್ರ ಕಾಪು. ಯಾವ ಮನೆ ಅಂತ ಒಂದು ಮಾತು ಸೇರಿಸಿದ್ರೆ ಅಜ್ಜನ ಗಂಟೇನು ಹೋಗ್ತಿತ್ತು?’

ಮಗಳ ಪರೀಕ್ಷೆ ಮುಗಿಯುವವರೆಗೆ ತಾಯಿ ಮಗಳು ಇಲ್ಲಿರುವುದು, ಆಮೇಲೆ ಹೋಗುವುದು ಎಂದು ಅವರ ಮನೆಯಲ್ಲಿ ತೀರ್ಮಾನವಾಯಿತು. ಜನವರಿಯಲ್ಲಿ ಸದಾನಂದ ಹೊರಟರು. ಮಾರ್ಚ್‌ನಲ್ಲಿ ವಿಮಾನಗಳು ನಿಂತವು. ಕ್ಲಿನಿಕ್‌ನವರು ವಿನೋದಾರನ್ನು ಬಿಡಲಿಲ್ಲ. ತಿಂಗಳುಗಟ್ಟಲೆ ಅವರು ಬಾಗಿಲಲ್ಲಿ ನಿಂತು ರೋಗಿಗಳ ಜ್ವರ ಅಳೆದರು. ಆ ವರ್ಷವೇ ಗ್ಯಾರೇಜು ಮುಚ್ಚಿತು. ಸದಾನಂದರಿಗೆ ಅದೇ ಪುರಾವೆ. ‘ಅಲ್ಲಿದ್ದ ಉಳಿದವರಿಗೆಲ್ಲ ಯಾವ ಅಜ್ಜ ಬಂದು ಹೇಳಿದ್ದ?’ ಎಂದು ವಿನೋದಾ ಕೇಳುತ್ತಾರೆ.

ನಾನು ನನ್ನ ಮಟ್ಟಿಗೆ ಎಲ್ಲ ಸಾಧ್ಯತೆಗಳನ್ನೂ ನೋಡಿದ್ದೇನೆ. ಸದಾನಂದರ ತಲೆಯಲ್ಲಿ ಊರು ತುಂಬಿತ್ತು, ಹಾಗಾಗಿ ಕೇಳಿಸಿತು ಎನ್ನಬಹುದು. ನನ್ನ ತಲೆಯಲ್ಲಿ ಊರು ಇರಲಿಲ್ಲ. ಗಾಳಿ ಎನ್ನಲು ಅಂದು ಗಾಳಿಯೂ ಇರಲಿಲ್ಲ. ಮುದುಕ ಸುಳ್ಳಾಡಿದ ಎಂದರೂ ಒಂದೇ ಬಾಯಿಯಿಂದ ಎರಡು ಭಾಷೆ ಹೊರಟದ್ದು ಹೇಗೆಂದು ಗೊತ್ತಾಗುವುದಿಲ್ಲ. ಅವನಿಗೂ ಏನೋ ಕೇಳಿಸಿತ್ತು ಎಂಬುದು ಅವನ ಪ್ರಶ್ನೆಯಿಂದಲೇ ಸ್ಪಷ್ಟ. ಅದು ಯಾವ ಭಾಷೆಯಲ್ಲಿ ಕೇಳಿಸಿತೆಂದು ನಾವು ವಿಚಾರಿಸಲಿಲ್ಲ.

ವಿಮಾನ ಶುರುವಾದ ಮೇಲೆ ಮಗಳು ತಂದೆಯ ಬಳಿಗೆ ಹೋದಳು. ಕಳೆದ ತಿಂಗಳು ವಿನೋದಾ ಅಲ್ ಮಬೇಲಾದ ಕ್ಲಿನಿಕ್‌ನಲ್ಲಿ ಇನ್ನೆರಡು ವರ್ಷದ ಕರಾರಿಗೆ ಸಹಿ ಹಾಕಿದರು. ಸದಾನಂದ ಕಾಪುವಿನಲ್ಲಿದ್ದಾರೆ.