ಮರಳಿನಡಿಯ ಹುಲ್ಲು

ಬತ್ತಲಗುಂಡಿನ ಮೇಲಿನ ಬೆಟ್ಟದ ಗಾಲ್ಫ್ ಮೈದಾನದಲ್ಲಿ ಹುಲ್ಲಿಗೆ ನಾನೇ ಅಧಿಪತಿ. ಆ ವಸಂತದಲ್ಲಿ, ಬೇರಿಗೆ ಗಾಳಿಯಾಡಲೆಂದು, ಚೆಂಡು ಬೀಳುವ ಗುಳಿಗಳ ಸುತ್ತಲಿನ ಎಳೆಹುಲ್ಲಿಗೆಲ್ಲ ತೂತು ಹೊಡೆಸಿ ಮೇಲೆ ಮರಳು ಹರಡಿಸಿದೆ. ಮುಂದೆ ಬರಲಿದ್ದ ಪಂದ್ಯದ ಹೊತ್ತಿಗೆ ಹಸಿರಾಗದಿದ್ದರೆ ನನ್ನ ಆಧಿಪತ್ಯ ಮುಗಿಯಿತೆಂದು ಕ್ಲಬ್ಬಿನ ಕಾರ್ಯದರ್ಶಿಗಳು ಸಾರಿದರು. ಉತ್ತಮಪಾಳಯದಿಂದ ಬಂದಿದ್ದ ಅವ್ವ ನೋಡಿ, “ಏನ್ಡಾ ಕಣ್ಣು, ಜೀವ ಇರೋ ಹುಲ್ಲನ್ನ ಹೂತಿಟ್ಯಲ್ಲ! ತಿಥಿ ಊಟ ಯಾವತ್ತು?” ಎಂದಳು.

ನಾನು ದಿನವೂ ನೀರು ಬಿಡಿಸುತ್ತ ಹೋದೆ. ಪಂದ್ಯದ ಬೆಳಿಗ್ಗೆ ಮರಳೆಲ್ಲ ಹುಲ್ಲಿನಡಿ ಅಡಗಿ, ನೆಲ ಗಿಳಿಬಣ್ಣಕ್ಕೆ ತಿರುಗಿತ್ತು. ಕಾರ್ಯದರ್ಶಿಗಳು ಕೈಕುಲುಕಿದರು. ಅವ್ವ ಮಂಡಿಯೂರಿ, ಒಂದು ಎಸಳು ಕಿತ್ತು ಜಗಿದು, “ನಲ್ಲಾ ಇದೆಡಾ, ಒಳ್ಳೇ ಹುಲ್ಲು. ನಮ್ಮ ಹಸೂನ ಕರ್ಕೊಂಡ್ ಬರ್ಬೇಕಿತ್ತು,” ಎಂದಳು.

ಅಂದು ಗೆದ್ದ ಆಟಗಾರನಿಗೆ ಬೆಳ್ಳಿಯ ಬಟ್ಟಲು ಸಿಕ್ಕಿತು. ತಲೆತಲಾಂತರದಿಂದ ದನ ಸಾಕಿದ ಮನೆಯವನು ನಾನು. ಹಸುವಿಗೂ ಒಪ್ಪುವ ಹುಲ್ಲೆಂದು ಅವ್ವ ಹೇಳಿದ ಮೇಲೆ ಆ ಬಟ್ಟಲಿನತ್ತ ತಿರುಗಿಯೂ ನೋಡಲಿಲ್ಲ.